ನಲವತ್ತೆರಡನೆಯ ಕ್ಯಾನು

ಬೆಳಗಿನ ಮೊದಲ ನೀರನ್ನು ಚೆಲ್ಲಿಬಿಡಿ,
ಅದು ನಿನ್ನೆಯದು.
ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ
ಒಂದು ಹನಿಯೂ ಕ್ಯಾನಿನಾಚೆ ಬೀಳಬಾರದು.
ಇಷ್ಟನ್ನು ನಲವತ್ತೊಂದು ಮನೆಗಳಲ್ಲಿ ಹೇಳಿದ್ದೇನೆ,
ಪೋರ್ಚುಗೀಸಿನಲ್ಲಿ, ಅರ್ಧಂಬರ್ಧ ಇಟಾಲಿಯನ್ನಿನಲ್ಲಿ,
ಕಿವಿ ಕೇಳದ ಮುದುಕಿಯೊಬ್ಬಳಿಗೆ
ನಾಚಿಕೆ ಬಿಟ್ಟು ಕೈಸನ್ನೆಯಲ್ಲಿ.

ಸಾಂತಾ ಕತರೀನಾದ ಪಡುವಣಕ್ಕೆ ಕೆಮ್ಮಣ್ಣಿನ ದಾರಿ.
ಏರಿದರೆ ಹಂದಿದೊಡ್ಡಿ, ಇಳಿದರೆ ಹಂದಿದೊಡ್ಡಿ,
ನಡುವೆ ಜೋಳ.
ನನ್ನ ಗಾಡಿಯ ಹಿಂದೆ ಐಸಿನ ಪೆಟ್ಟಿಗೆಯೊಳಗೆ
ಕಿತ್ತಳೆ ಮುಚ್ಚಳದ ಕ್ಯಾನುಗಳು ತಿರುವಿನಲ್ಲಿ
ಒಂದಕ್ಕೊಂದು ಭುಜ ತಾಗಿಸಿ
ಗುಳುಗುಳು ಏನೋ ಹೇಳಿಕೊಳ್ಳುತ್ತವೆ.

ದೊರ್ವಲೀನೊ ಬೆರ್ತುಸ್ಸಿ, ಐವತ್ತೆಂಟು.
ಮೂರು ದಿನಕ್ಕೊಮ್ಮೆ ಮೇವು ಕಲಸುತ್ತಾನೆ:
ಜೋಳದ ನುಚ್ಚು, ಸೋಯಾ ಹಿಂಡಿ, ಉಪ್ಪು,
ಕೊನೆಗೆ ಕಂಪನಿಯ ಚೀಲದಿಂದ, ಟನ್ನಿಗೆ ಇಷ್ಟೇ ಎಂದು
ಅಳೆದು ಕೊಟ್ಟ ಪುಡಿ,
ಕೊಬ್ಬು ಕರಗಿಸಿ ಮಾಂಸ ಕಟ್ಟುವಂಥದ್ದು.
ಮೂಗಿನ ಮುಸುಕು ಮೊಳೆಗೆ ನೇತಾಡುತ್ತಿದೆ, ಇನ್ನೂ ಹೊಸತು.
"ಹಾಕಿಕೊಂಡರೆ ಕನ್ನಡಕಕ್ಕೆ ಮಂಜು, ಡೋನಾ ಜುರೇಮಾ"
ಎಂದು ಹುಬ್ಬಿನ ಧೂಳು ಒರೆಸಿಕೊಂಡ.

ಹೆಂಡತಿ ಇವೊನೇತಿಗೆ ಬೇರೆಯೇ ಚಿಂತೆ:
"ಫ್ರಿಜ್ಜಿನಲ್ಲಿಡಬೇಕೆ? ಹಾಲಿನ ಪಕ್ಕ?"
ಕೊನೆಗೆ ಹಳೆಯ ಮೇಜುಬಟ್ಟೆ ಸುತ್ತಿ
ಮಗುವನ್ನು ಮಲಗಿಸಿದಂತೆ ಕೆಳಗಿನ ಖಾನೆಯಲ್ಲಿ ಮಲಗಿಸಿದಳು.
ಭಾನುವಾರ ಅವನು ಚರ್ಚಿಗೂ ಚೀಲ ಹೊತ್ತನಂತೆ.
ಪಾದ್ರಿ ಅಂದೇ ಪ್ರವಚನ ಉದ್ದ ಮಾಡಬೇಕೆ!
ಎರಡು ಸಲ ಎದ್ದುಹೋದ, ಚೀಲದ ಸಮೇತ.
ಊರೆಲ್ಲ ನೋಡಿತು.
ಕೊಟ್ಟ ಮಾತಿಗೆ ಒಂದು ಹನಿ ತಪ್ಪಲಿಲ್ಲ.

ಲ್ಯಾಬಿನಲ್ಲಿ ಅವನಿಗೆ ಹೆಸರಿಲ್ಲ, ಹದಿನೇಳು.
ದಿನವಿಡೀ ಮಾತೆ ಸೊಪ್ಪಿನ ಕಷಾಯ ಹೀರಿದವನ ಉಚ್ಚೆ ತೆಳು,
ದೊಡ್ಡಿಯಲ್ಲಿ ಬೆವರಿದವನದು ಗಟ್ಟಿ.
ಅದನ್ನು ಸರಿದೂಗಿಸಲು ಕ್ರಿಯಾಟಿನಿನ್ ಎಂಬ ತೂಕದ ಕಲ್ಲು,
ತೋಳು ದುಡಿದದ್ದರ ದಿನದ ರಸೀದಿ.
ತಿಂದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು
ಸುಮ್ಮನಾಗುವುದಿಲ್ಲ ಮೈ,
ಕದ್ದು ಲೆಕ್ಕ ಒಪ್ಪಿಸುತ್ತದೆ.

ಮೇವು ಕಲಸಿದ ದಿನ ಹದಿನೇಳರ ಗೆರೆ ಏರಿತು.
ಮರುದಿನ ಅರ್ಧ. ಮೂರನೆಯ ದಿನ ನೆಲ ಕಚ್ಚಿತು.
ಧೂಳು, ಎಂದು ಬರೆದುಕೊಂಡೆ.
ಆದರೆ ದಿನಕ್ಕೆರಡು ಹೊತ್ತು ಹಂದಿ ತಿನ್ನುವವನು
ನೆಲ ಕಚ್ಚುವುದು ಹೇಗೆ?

ಹೋಲಿಸಲು ಏನೂ ಇಲ್ಲದ ಮಾದರಿಯೊಂದು ಬೇಕಿತ್ತು.
ಏನೂ ಇಲ್ಲದ್ದಕ್ಕೆ ನಾನೇ ಇದ್ದೇನಲ್ಲ,
ನಗರದ ಐದನೆಯ ಮಹಡಿ, ದೊಡ್ಡಿಯಿಂದ ಅರವತ್ತು ಕಿಲೋಮೀಟರು.
ಲೋಟ ತುಂಬಿ ಯಂತ್ರಕ್ಕೆ ಕೊಟ್ಟೆ.
ಅದೇ ನಿಮಿಷಕ್ಕೆ, ಅದೇ ಜಾಗದಲ್ಲಿ
ಒಂದು ಪುಟ್ಟ ಗುಡ್ಡ.
ನಳಿಗೆ ತೊಳೆದೆ. ಇನ್ನೊಮ್ಮೆ. ದ್ರಾವಣ ಬದಲಿಸಿದೆ.
ಗುಡ್ಡ ಅಲ್ಲೇ ಕೂತಿತ್ತು, ಯಾರಿಗೋ ಕಾಯುವಂತೆ.
ಶುಕ್ರವಾರದ ಸಾಸೇಜು ನೆನಪಾಯಿತು,
ಅಂಗಡಿಯ ಗಾಜಿನ ಹಿಂದೆ ಕಾಗದದಷ್ಟು ತೆಳ್ಳಗೆ ಕೊಯ್ದ ಹ್ಯಾಮು.

ಮತ್ತೆ ಹೋದೆ.
ಮನೆಯ ಹಿಂದೆ ಕಿತ್ತಳೆ ಗಿಡದ ಕೆಳಗೆ
ಕಪ್ಪು ಹಂದಿಯೊಂದು ಕುಂಬಳಕಾಯಿಯೊಳಗೆ ಮೂತಿಯಿಟ್ಟು
ಲೋಕ ಮರೆತಿತ್ತು.
"ಇದು ಮನೆಗೆ," ಅಂದ ದೊರ್ವಲೀನೊ.
ಆಚೆಯ ಉದ್ದನೆಯ ಸೂರಿನ ಕಡೆ ನೋಡಿದೆ.
"ಅವು ಕಂಪನಿಯವು."
ದನಿಯಲ್ಲಿ ಹೆಮ್ಮೆ ಇರಲಿಲ್ಲ, ಅಳುಕೂ ಇರಲಿಲ್ಲ,
ಎಡಗೈ ಬಲಗೈ ಹೇಳಿದಂತೆ.
ಇವೊನೇತಿ ತಟ್ಟೆ ತಂದಳು: ಮರಗೆಣಸು, ಮನೆಯ ಸಲಾಮಿ.
ಬೇಡವೆನ್ನಲಿಲ್ಲ. ರುಚಿಯಾಗಿತ್ತು,
ಅದೇ ಸಿಟ್ಟು ಬಂತು.

ಫಾರಮಿನ ಒಂಬತ್ತನೆಯ ಪ್ರಶ್ನೆ:
ಮಾಂಸ ಎಲ್ಲಿಂದ ಕೊಳ್ಳುತ್ತೀರಿ?
ಅವನು ಖಾಲಿ ಬಿಟ್ಟಿದ್ದ.
'ಉತ್ತರಿಸಿಲ್ಲ' ಎಂದು ನಾನೇ ತುಂಬಿದ್ದೆ.

ಈಗ ನಲವತ್ತೆರಡನೆಯ ಫಾರಮು, ಹೆಸರು ನನ್ನದು.
ಮೊದಲ ನೀರು ಚೆಲ್ಲಿಯಾಯಿತು, ಅದು ನಿನ್ನೆಯದು,
ಆದರೂ ನನ್ನದೇ.
ಒಂಬತ್ತರ ಮುಂದೆ ಪೆನ್ನು ನಿಂತಿದೆ.
ಒಂದಕ್ಕೆ ಅವಸರ.
ಕ್ಯಾನು ಎಲ್ಲಿಟ್ಟೆ?